ಸಂಗೀತಕ್ಕೆ ರಾಜಕೀಯವಿಲ್ಲವೇ? ಲಂಡನ್ನಿನ ಮೂರು ಬೇಸಿಗೆಗಳು

ಸಂಗೀತಕ್ಕೆ ಜಾತಿಯಿಲ್ಲ, ಮತವಿಲ್ಲ, ಗಡಿಯಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಸವೆದಿದೆ. ಸೌಹಾರ್ದ ಸಮ್ಮೇಳನದ ಯಾವ ಭಾಷಣವೂ ಅದಿಲ್ಲದೆ ಮುಗಿಯುವುದಿಲ್ಲ. ಮಾತು ಸುಳ್ಳೇನಲ್ಲ. ಬಿಸ್ಮಿಲ್ಲಾ ಖಾನರ ಶಹನಾಯಿ ಕಾಶಿಯ ದೇವಾಲಯದಲ್ಲೂ ಮೊಹರ್ರಮ್‌ನ ಮೆರವಣಿಗೆಯಲ್ಲೂ ಕೇಳಿಸಿದ ನಾಡು ನಮ್ಮದು. ಆದರೆ ಈ ಒಳ್ಳೆಯ ಮಾತನ್ನು ಯಾರು ಹೇಳುತ್ತಿದ್ದಾರೆ, ಯಾವಾಗ ಹೇಳುತ್ತಿದ್ದಾರೆ, ಅದನ್ನು ಹೇಳಿ ಯಾರ ಬಾಯಿ ಮುಚ್ಚಿಸುತ್ತಿದ್ದಾರೆ ಎಂಬುದನ್ನೂ ನಾವು ನೋಡಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಲಂಡನ್ನಿನ ಬೇಸಿಗೆ ಸಂಗೀತೋತ್ಸವ ‘ಪ್ರಾಮ್ಸ್’ಗಿಂತ ಒಳ್ಳೆಯ ಸ್ಥಳ ಸಿಗಲಾರದು. 2011, 2012 ಮತ್ತು 2013ರ ಮೂರು ಬೇಸಿಗೆಗಳಲ್ಲಿ ಅಲ್ಲಿ ನಡೆದ ಮೂರು ಕಛೇರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ.

ಮೊದಲು ಈ ಉತ್ಸವದ ಬಗ್ಗೆ ಎರಡು ಮಾತು. ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕ ಮತ್ತು ಹೆನ್ರಿ ವುಡ್ ಎಂಬ ಯುವ ಸಂಗೀತಗಾರ ಸೇರಿ 1895ರ ಆಗಸ್ಟ್ 10ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಇದನ್ನು ಆರಂಭಿಸಿದರು. ಶ್ರೀಮಂತರ ಸೊತ್ತಾಗಿದ್ದ ಸಂಗೀತವನ್ನು ಒಂದು ಶಿಲಿಂಗ್ ಕೊಟ್ಟು, ನಿಂತುಕೊಂಡು, ಸಾಮಾನ್ಯರೂ ಕೇಳುವಂತಾಗಬೇಕು ಎಂಬುದು ಅವರ ಉದ್ದೇಶ. ‘ಪ್ರಾಮನಾಡ್’ ಎಂದರೆ ಅಡ್ಡಾಡುವುದು. ಆ ಪದದಿಂದಲೇ ಪ್ರಾಮ್ಸ್ ಎಂಬ ಹೆಸರು ಬಂತು. 1927ರಲ್ಲಿ ಬಿಬಿಸಿ ಈ ಉತ್ಸವವನ್ನು ವಹಿಸಿಕೊಂಡಿತು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಕ್ವೀನ್ಸ್ ಹಾಲ್ ನೆಲಸಮವಾದಾಗ ಉತ್ಸವ ರಾಯಲ್ ಆಲ್ಬರ್ಟ್ ಹಾಲ್‌ಗೆ ಸ್ಥಳಾಂತರಗೊಂಡಿತು. ಇಂದಿಗೂ ಜುಲೈಯಿಂದ ಸೆಪ್ಟೆಂಬರ್ ತನಕ ಸುಮಾರು ಎಂಟು ವಾರ ಕಛೇರಿಗಳು ನಡೆಯುತ್ತವೆ. ಇಂದಿಗೂ ವೇದಿಕೆಯ ಮುಂದಿನ ಒಳ್ಳೆಯ ಜಾಗ ಅಗ್ಗದ ಟಿಕೆಟಿನವರಿಗೇ, ಕುರ್ಚಿಯಿಲ್ಲದವರಿಗೇ. ಬಿಬಿಸಿಯ ರೇಡಿಯೊ 3 ಇವುಗಳನ್ನು ನೇರ ಪ್ರಸಾರ ಮಾಡುತ್ತದೆ. ಒಂದು ಶಿಲಿಂಗ್ ಕೂಡ ಇಲ್ಲದವನಿಗೆ ರೇಡಿಯೊವೇ ಸಭಾಂಗಣವಾಯಿತು.

ಕನ್ನಡಿಗರಿಗೆ ಈ ಸಭಾಂಗಣ ತೀರಾ ಪರಕೀಯವೂ ಅಲ್ಲ. 1950ರ ಮೇ 22ರಂದು ಇದೇ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟವು. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್.

ಇನ್ನು 2011ಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ 1ರಂದು ಇಸ್ರೇಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಕಛೇರಿ ಇತ್ತು. ಕಂಡಕ್ಟರ್ ನಮ್ಮ ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ, ಜುಬಿನ್ ಮೆಹ್ತಾ. ಇಸ್ರೇಲಿನ ಆಕ್ರಮಣ ಮುಂದುವರಿದಿರುವಾಗ ಅದರ ಸಾಂಸ್ಕೃತಿಕ ಮುಖವಾಗಿರುವ ತಂಡವನ್ನು ಕರೆಯಬಾರದೆಂದು ಹಲವರು ಮೊದಲೇ ಪತ್ರ ಬರೆದಿದ್ದರು. ಕೇಳಿದವರಿರಲಿಲ್ಲ. ವೆಬರ್ನ್‌ನ ‘ಪಾಸಕಾಲಿಯಾ’ ನುಡಿಸುತ್ತಿದ್ದಾಗ ಪ್ರೇಕ್ಷಕರ ನಡುವಿನಿಂದ ಕೆಲವರು ಎದ್ದುನಿಂತು ಹಾಡತೊಡಗಿದರು. ರಾಗ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಸುಪ್ರಸಿದ್ಧ ‘ಆನಂದಗೀತೆ’ಯದು, ಮಾತುಗಳು ಆಕ್ರಮಣದ ವಿರುದ್ಧ. ಕಾವಲುಗಾರರು ಅವರನ್ನು ಹೊರಗೆ ಕಳಿಸಿದರು. ಮುಂದಿನ ಕೃತಿ ಶುರುವಾದಾಗ ಇನ್ನೊಂದು ಗುಂಪು ಎದ್ದಿತು. ಉಳಿದ ಪ್ರೇಕ್ಷಕರು ಅವರನ್ನು ಗದರಿಸಿ ಕೂಗಿದರು. ಕಛೇರಿ ಸಭಾಂಗಣದಲ್ಲಿ ಕೊನೆಯವರೆಗೂ ನಡೆಯಿತು, ರೇಡಿಯೊದಲ್ಲಿ ನಡೆಯಲಿಲ್ಲ. ಗದ್ದಲದಿಂದ ಸಂಗೀತ ಕೇಳಿಸುತ್ತಿಲ್ಲವೆಂದು ಬಿಬಿಸಿ ಪ್ರಸಾರವನ್ನೇ ಕಡಿದುಹಾಕಿತು.

ಇದರ ಜೊತೆಗೇ ಇನ್ನೊಂದು ಘಟನೆ ನಡೆಯಿತು. ಆಹ್ವಾನವನ್ನು ವಿರೋಧಿಸಿದ ಪತ್ರಕ್ಕೆ ಸಹಿ ಹಾಕಿದ್ದ ಲಂಡನ್ ಫಿಲ್‌ಹಾರ್ಮೋನಿಕ್‌ನ ನಾಲ್ವರು ವಾದಕರನ್ನು ಅವರ ಸಂಸ್ಥೆ ಅಮಾನತು ಮಾಡಿತು. ಸಹಿಯ ಜೊತೆ ಆರ್ಕೆಸ್ಟ್ರಾದ ಹೆಸರನ್ನು ಸೇರಿಸಿದ್ದೇ ಅಪರಾಧ. ಸಂಗೀತವನ್ನೂ ರಾಜಕೀಯವನ್ನೂ ಬೆರೆಸಬಾರದು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ.

ಕಛೇರಿಯ ನಡುವೆ ಎದ್ದು ಕೂಗುವುದು ನಮಗೂ ಹಿತವಾದ ಸಂಗತಿಯಲ್ಲ. ವೆಬರ್ನ್‌ನ ಆ ಕೃತಿ ತಂತಿಗಳನ್ನು ಬೆರಳಿನಿಂದ ಮೀಟುವ ಎಂಟೇ ಎಂಟು ಸ್ವರಗಳಿಂದ, ಪಿಸುಮಾತಿನಂತೆ ಹುಟ್ಟುತ್ತದೆ. ಅದನ್ನು ಕೇಳಲು ಬಂದ ರಸಿಕನಿಗೂ ಒಂದು ಹಕ್ಕಿದೆ. ನಾಳೆ ನಮ್ಮೂರಿನ ಕವ್ವಾಲಿ ಕಾರ್ಯಕ್ರಮಕ್ಕೋ ನಾಟಕಕ್ಕೋ ಯಾರಾದರೂ ನುಗ್ಗಿ ಕೂಗಿದರೆ ನಾವು ಒಪ್ಪುತ್ತೇವೆಯೇ? ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಲವುಳ್ಳವರು ದುರ್ಬಲರ ಕಲೆಯನ್ನು ನಿಲ್ಲಿಸುವುದು ಬೇರೆ. ಪತ್ರ, ಮನವಿ ಎಲ್ಲವೂ ಕಸದಬುಟ್ಟಿ ಸೇರಿದ ಮೇಲೆ ಬಲವುಳ್ಳವರ ವೇದಿಕೆಯೆದುರು ನಾಲ್ಕು ಸಾಲು ಹಾಡಿ ಹೊರದಬ್ಬಿಸಿಕೊಳ್ಳುವುದು ಬೇರೆ. ಎಷ್ಟೆಂದರೂ ಅವರು ಕಲ್ಲು ಎಸೆಯಲಿಲ್ಲ, ಬೀಥೋವನ್‌ನ ರಾಗವನ್ನೇ ಎತ್ತಿಕೊಂಡರು.

ಸಂಗೀತಕ್ಕೆ ರಾಜಕೀಯವಿಲ್ಲ ಎಂಬ ವಾದವನ್ನು ಪ್ರಾಮ್ಸ್‌ನ ಇತಿಹಾಸವೇ ಒಪ್ಪುವುದಿಲ್ಲ. 1968ರ ಆಗಸ್ಟ್ 21ರಂದು ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರದೊಳಗೆ ನುಗ್ಗಿದ್ದವು. ಅಂದು ಸಂಜೆಯೇ ಸೋವಿಯತ್ ಸರಕಾರಿ ಆರ್ಕೆಸ್ಟ್ರಾ ಇದೇ ಸಭಾಂಗಣದಲ್ಲಿ ನುಡಿಸಬೇಕಾಗಿತ್ತು. ಕೃತಿ ಯಾವುದು? ಝೆಕ್ ಸಂಗೀತಗಾರ ದ್ವೊರ್ಜಾಕ್‌ನ ಚೆಲ್ಲೋ ಕಾನ್ಸರ್ಟೊ! ಜನ ಪ್ರತಿಭಟಿಸಿ ಕೂಗಿದರು. ರಷ್ಯನ್ ವಾದಕ ರೊಸ್ತ್ರೊಪೊವಿಚ್ ಕಣ್ಣೀರಿಡುತ್ತಲೇ ನುಡಿಸಿ, ಕೊನೆಗೆ ದ್ವೊರ್ಜಾಕ್‌ನ ಸ್ವರಲಿಪಿಯ ಪುಸ್ತಕವನ್ನು ಮೇಲೆತ್ತಿ ಹಿಡಿದ. ಆ ಕೂಗಾಟ ಅಂದಿನ ಧ್ವನಿಮುದ್ರಣದಲ್ಲಿ ಇಂದಿಗೂ ಕೇಳುತ್ತದೆ. ಅದನ್ನು ಯಾರೂ ಸಂಗೀತಕ್ಕಾದ ಅವಮಾನ ಎನ್ನುವುದಿಲ್ಲ, ಚಾರಿತ್ರಿಕ ಸಂಜೆ ಎನ್ನುತ್ತಾರೆ. 2001ರ ಸೆಪ್ಟೆಂಬರ್ 11ರ ದುರಂತದ ನಾಲ್ಕು ದಿನಗಳ ಬಳಿಕ ಬಂದ ಉತ್ಸವದ ಕೊನೆಯ ರಾತ್ರಿ, ಬಾವುಟ ಬೀಸಿ ಹಾಡುವ ಎಂದಿನ ದೇಶಭಕ್ತಿಯ ಹಾಡುಗಳಲ್ಲಿ ಕೆಲವನ್ನು ಬದಿಗಿಟ್ಟು, ಬಾರ್ಬರ್‌ನ ಶೋಕಗೀತೆಯಂಥ ‘ಅಡಾಜಿಯೊ’ವನ್ನೂ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗವನ್ನೂ ನುಡಿಸಲಾಯಿತು. 2022ರ ಜುಲೈ 31ರಂದು ಯುಕ್ರೇನಿನ ‘ಫ್ರೀಡಂ ಆರ್ಕೆಸ್ಟ್ರಾ’ಕ್ಕೆ ಇದೇ ವೇದಿಕೆ ಆದರದ ಸ್ವಾಗತ ಕೋರಿತು. ಇವೆಲ್ಲ ಸರಿಯಾದ ಕೆಲಸಗಳೇ. ಹಾಗಾದರೆ ಪ್ರಾಗ್‌ನ, ನ್ಯೂಯಾರ್ಕ್‌ನ, ಕೀವ್‌ನ ನೋವು ಸಂಗೀತಕ್ಕೆ ಸಲ್ಲುವುದಾದರೆ ಗಾಝಾದ ನೋವು ಮಾತ್ರ ರಾಜಕೀಯ ಹೇಗಾಗುತ್ತದೆ?

2012ರ ಬೇಸಿಗೆ ಇದಕ್ಕೆ ಬೇರೆಯದೇ ಬಗೆಯ ಉತ್ತರ ತಂದಿತು. ಡೇನಿಯಲ್ ಬಾರೆನ್‌ಬಾಯಿಮ್ ನೇತೃತ್ವದ ವೆಸ್ಟ್-ಈಸ್ಟರ್ನ್ ದೀವಾನ್ ಆರ್ಕೆಸ್ಟ್ರಾ ಆ ಜುಲೈನಲ್ಲಿ ಐದು ಕಛೇರಿಗಳಲ್ಲಿ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ನುಡಿಸಿತು. 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಈ ತಂಡವನ್ನು ಕಟ್ಟಿದವರು ಇಬ್ಬರು: ಇಸ್ರೇಲಿನಲ್ಲಿ ಬೆಳೆದ ಯಹೂದಿ ಬಾರೆನ್‌ಬಾಯಿಮ್ ಮತ್ತು ಜೆರುಸಲೇಮಿನಲ್ಲಿ ಹುಟ್ಟಿದ ಫೆಲೆಸ್ತೀನಿ ಚಿಂತಕ ಎಡ್ವರ್ಡ್ ಸೈದ್. ‘ಓರಿಯಂಟಲಿಸಂ’ ಬರೆದ ಸೈದ್ ನಮ್ಮ ಓದುಗರಿಗೆ ಪರಿಚಿತರು. ಅವರು ಪಿಯಾನೊ ವಾದಕರೂ ಸಂಗೀತ ವಿಮರ್ಶಕರೂ ಆಗಿದ್ದರೆಂಬುದು ಅಷ್ಟು ಪರಿಚಿತವಲ್ಲ. ತಂಡದ ಹೆಸರು ಜರ್ಮನ್ ಕವಿ ಗಯಟೆಯ ಕವನಸಂಗ್ರಹದ್ದು. ಗಯಟೆಗೆ ಅದರ ಪ್ರೇರಣೆ ಪಾರ್ಸಿ ಕವಿ ಹಾಫಿಝ್. ಕನ್ನಡಿಗರಿಗೆ ದಿವಾನ್ ಎಂದರೆ ಪೂರ್ಣಯ್ಯ, ಮಿರ್ಜಾ ಇಸ್ಮಾಯಿಲ್. ಅದೇ ಶಬ್ದ ಕವನಗಳ ಸಂಗ್ರಹಕ್ಕೂ ಆಗುತ್ತದೆ, ಕೂತು ಮಾತಾಡುವ ದರ್ಬಾರಿಗೂ ಆಗುತ್ತದೆ. ಅರಬ್ ಮತ್ತು ಇಸ್ರೇಲಿ ಯುವಕರು ಒಂದೇ ಸ್ವರಲಿಪಿಯ ಹಾಳೆಯನ್ನು ಇಬ್ಬಿಬ್ಬರಂತೆ ಹಂಚಿಕೊಂಡು ನುಡಿಸುವ ತಂಡಕ್ಕೆ ಎರಡೂ ಅರ್ಥ ಒಪ್ಪುತ್ತದೆ.

ಜುಲೈ 27ರ ಸಂಜೆ ಒಂಬತ್ತನೆಯ ಸಿಂಫನಿ. ಅದೇ ರಾತ್ರಿ ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆ. ಕಛೇರಿ ಮುಗಿಸಿದ ಬಾರೆನ್‌ಬಾಯಿಮ್ ಅಲ್ಲಿ ಒಲಿಂಪಿಕ್ ಧ್ವಜ ಹೊತ್ತವರಲ್ಲಿ ಒಬ್ಬರಾದರು. ವಾದನದ ಗುಣವನ್ನು ಹೇಳುವುದಾದರೆ, ಇಂದು ಬೀಥೋವನ್‌ನನ್ನು ಸಣ್ಣ ತಂಡದಲ್ಲಿ, ಚುರುಕು ಗತಿಯಲ್ಲಿ ನುಡಿಸುವ ರೂಢಿ ಬೆಳೆದಿದೆ. ಬಾರೆನ್‌ಬಾಯಿಮ್ ಅದಕ್ಕೆ ಮಣಿಯದವರು. ತಂತಿವಾದ್ಯಗಳ ದೊಡ್ಡ ದಂಡು, ತುಂಬಿದ ದನಿ, ಉಸಿರಾಡಲು ಬಿಡುವು ಕೊಡುವ ಹಳೆಯ ಶೈಲಿ ಅವರದು. ಇದರಿಂದ ಕೆಲವು ಕಡೆ ನಡೆ ಭಾರವಾಗುತ್ತದೆ ನಿಜ. ಆದರೆ ಮೂರನೆಯ ಭಾಗದ ನಿಧಾನಗತಿಯಲ್ಲಿ ಈ ಶೈಲಿಗೆ ಸಾಟಿಯಿಲ್ಲ. ಕೊನೆಯ ಭಾಗದಲ್ಲಿ ಚೆಲ್ಲೋ ಮತ್ತು ಬಾಸ್‌ಗಳು ಮೊದಲು ಆನಂದದ ರಾಗವನ್ನು ಎತ್ತಿಕೊಳ್ಳುವಾಗ ಅದು ಎಷ್ಟು ಮೆಲ್ಲಗೆ ಬರುತ್ತದೆಂದರೆ ರೇಡಿಯೊಗೆ ಕಿವಿ ಹಚ್ಚಬೇಕು.

ಅಲ್ಲೇ ಮುಂದೆ ಒಂದು ವಿಶೇಷವಿದೆ. ಗಾಯಕರು ಭಕ್ತಿಯ ತುತ್ತತುದಿಗೆ ಏರಿ ನಿಂತ ಮೇಲೆ ಒಮ್ಮೆಗೇ ಮೌನ. ಆಮೇಲೆ ದೊಡ್ಡ ಡೋಲು, ತಾಳ, ತ್ರಿಕೋನದ ಸದ್ದಿನೊಡನೆ ಒಂದು ಮೆರವಣಿಗೆಯ ಲಯ ಆರಂಭವಾಗುತ್ತದೆ. ಅದು ತುರ್ಕಿ ಲಯ. ವಿಯೆನ್ನಾದ ಬಾಗಿಲವರೆಗೆ ಬಂದಿದ್ದ ಉಸ್ಮಾನಿ ಸೇನೆಯ ಮೆಹ್ತರ್ ವಾದ್ಯಗಳಿಂದ ಯುರೋಪ್ ಕಲಿತದ್ದು. ಮನುಷ್ಯರೆಲ್ಲ ಸೋದರರು ಎನ್ನುವ ಹಾಡಿನ ನಟ್ಟನಡುವೆ ಬೀಥೋವನ್ ಹಳೆಯ ಶತ್ರುವಿನ ಡೋಲನ್ನು ತಂದಿಟ್ಟಿದ್ದಾನೆ. ಯುರೋಪಿನ ಅಧಿಕೃತ ಗೀತೆಯಾಗಿ ಮೆರೆಯುತ್ತಿರುವ ಈ ರಾಗದ ಒಡಲಲ್ಲೇ ಮುಸ್ಲಿಂ ಜಗತ್ತಿನ ಸದ್ದೊಂದಿದೆ ಎಂಬುದನ್ನು ವಲಸಿಗರ ವಿರುದ್ಧ ಕೂಗುವವರು ಕೇಳಿಸಿಕೊಳ್ಳುವುದು ಒಳ್ಳೆಯದು.

ಸೈದ್ ತಮ್ಮ ಸಾಹಿತ್ಯ ವಿಮರ್ಶೆಗೆ ಸಂಗೀತದಿಂದಲೇ ಒಂದು ಪದ ಪಡೆದಿದ್ದರು: ಕೌಂಟರ್‌ಪಾಯಿಂಟ್. ನಮ್ಮ ಜುಗಲಬಂದಿಯಲ್ಲಿ ಒಬ್ಬರು ನುಡಿಸಿ ನಿಲ್ಲಿಸಿದಾಗ ಇನ್ನೊಬ್ಬರು ಉತ್ತರಿಸುತ್ತಾರೆ. ಅಲ್ಲಿ ಹಾಗಲ್ಲ. ಎರಡು ರಾಗಗಳು ಒಟ್ಟೊಟ್ಟಿಗೇ ಸಾಗುತ್ತವೆ, ಒಂದು ಇನ್ನೊಂದನ್ನು ಮುಳುಗಿಸಬಾರದು. ಗೆದ್ದವರ ಚರಿತ್ರೆಯನ್ನು ಓದುವಾಗ ಸೋತವರ ಚರಿತ್ರೆಯನ್ನೂ ಹಾಗೆಯೇ ಕೂಡಿಸಿ ಓದಬೇಕು ಎಂದರು ಸೈದ್.

ಆದರೆ ದೀವಾನ್ ಆರ್ಕೆಸ್ಟ್ರಾವನ್ನು ಹೊಗಳಿ ಸುಮ್ಮನಾಗುವುದೂ ಸುಲಭದ ದಾರಿ. ಫೆಲೆಸ್ತೀನಿನ ಸಾಂಸ್ಕೃತಿಕ ಬಹಿಷ್ಕಾರ ಚಳವಳಿ ಈ ತಂಡವನ್ನು ಕಟುವಾಗಿ ಟೀಕಿಸಿದೆ. ಪಕ್ಕಪಕ್ಕದಲ್ಲಿ ಕೂತು ನುಡಿಸುವ ಚಿತ್ರ ಜಗತ್ತಿಗೆ ಸಮಾನತೆಯ ಭ್ರಮೆ ಹುಟ್ಟಿಸುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. 2005ರ ಆಗಸ್ಟ್‌ನಲ್ಲಿ ತಂಡ ರಮಲ್ಲಾದಲ್ಲಿ ನುಡಿಸಬೇಕಾದಾಗ ವಾದಕರಿಗೆ ಸ್ಪೇನ್ ಸರಕಾರ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಡಬೇಕಾಯಿತು. ಕಛೇರಿ ಮುಗಿದ ಮೇಲೆ ಅದೇ ಊರಿನವರಿಗೆ ಉಳಿಯುವುದು ತನಿಖಾ ಠಾಣೆಗಳೇ. ಇದು ಶಾಂತಿ ತರುವ ತಂಡವಲ್ಲ, ಪರಸ್ಪರರ ಬಗೆಗಿನ ಅಜ್ಞಾನವನ್ನು ಕಳೆಯುವ ಪ್ರಯತ್ನ ಮಾತ್ರ ಎಂದು ಬಾರೆನ್‌ಬಾಯಿಮ್ ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಆ ಮಿತಿಯೊಳಗೆ ಅದು ಪ್ರಾಮಾಣಿಕವಾದ ಕೆಲಸ. ಮಿತಿಯನ್ನು ಮರೆತು ಚಪ್ಪಾಳೆ ತಟ್ಟುವವರದೇ ತೊಂದರೆ. ರೇಡಿಯೊದಲ್ಲಿ ಕೇಳುವಾಗ ಯಾವ ಪಿಟೀಲು ಅರಬನದು, ಯಾವುದು ಇಸ್ರೇಲಿಯದು ಎಂದು ಯಾರೂ ಹೇಳಲಾರರು. ಅದು ರೇಡಿಯೊದ ದೊಡ್ಡ ಗುಣ. ಆದರೆ ಮುಖ ಕಾಣದಿದ್ದರೆ ಗಾಯವೂ ಕಾಣುವುದಿಲ್ಲ.

ಮುಖವನ್ನೂ ಗಾಯವನ್ನೂ ಒಟ್ಟಿಗೆ ತೋರಿಸಿದ್ದು 2013ರ ಆಗಸ್ಟ್ 8ರ ಕಛೇರಿ. ಪಿಟೀಲುವಾದಕ ನೈಜೆಲ್ ಕೆನಡಿ ಎಡ್ವರ್ಡ್ ಸೈದ್ ಹೆಸರಿನ ಸಂಗೀತ ಶಾಲೆಯ ಎಳೆಯ ಫೆಲೆಸ್ತೀನಿ ವಾದಕರನ್ನು ಜೊತೆಗಿರಿಸಿಕೊಂಡು ವಿವಾಲ್ಡಿಯ ‘ನಾಲ್ಕು ಋತುಗಳು’ ನುಡಿಸಿದರು. ಇಟಲಿಯ ಋತುಗಳ ನಡುವೆ ಅರಬ್ ಮನೋಧರ್ಮದ ಆಲಾಪಗಳು ಬಂದು ಸೇರಿಕೊಂಡವು. ಶುದ್ಧತೆಯ ಪಾಲಕರಿಗೆ ಇದು ರುಚಿಸಿರಲಿಕ್ಕಿಲ್ಲ. ನಮಗೆ ಮಾತ್ರ ಮುನ್ನೂರು ವರ್ಷ ಹಳೆಯ ಕೃತಿ ಹೊಸದಾಗಿ ಉಸಿರಾಡಿದಂತೆ ಕೇಳುತ್ತದೆ. ಆ ನಡುವೆ ಕೆನಡಿ ಎರಡು ಮಾತು ಆಡಿದರು. ಸಮಾನತೆ ಬಂದು ವರ್ಣಭೇದ ತೊಲಗಿದರೆ ಇಂಥ ಚೆಲುವು ಅರಳುತ್ತದೆ ಎಂಬುದು ಅದರ ಸಾರ. ನಂತರ ಟಿ.ವಿ.ಯಲ್ಲಿ ಅದೇ ಕಛೇರಿಯನ್ನು ತೋರಿಸಿದಾಗ ಬಿಬಿಸಿ ಆ ಮಾತನ್ನು ಕತ್ತರಿಸಿತ್ತು. 2011ರಲ್ಲಿ ಸಂಗೀತ ಕೇಳಿಸುತ್ತಿಲ್ಲ ಎಂಬ ಕಾರಣವಿತ್ತು. ಇಲ್ಲಿ ಸಂಗೀತಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮಾತು ಸ್ಪಷ್ಟವಾಗಿ ಕೇಳಿಸಿದ್ದೇ ತೊಂದರೆಯಾಯಿತು!

ಇದು ಲಂಡನ್ನಿನವರ ಕತೆ ಎಂದು ನಾವು ನಿರಾಳವಾಗಬೇಕಿಲ್ಲ. ಅದೇ 2013ರ ಸೆಪ್ಟೆಂಬರ್ 7ರಂದು ಜುಬಿನ್ ಮೆಹ್ತಾ ಶ್ರೀನಗರದ ಶಾಲಿಮಾರ್ ತೋಟದಲ್ಲಿ ಜರ್ಮನಿಯ ಆರ್ಕೆಸ್ಟ್ರಾದೊಂದಿಗೆ ಬೀಥೋವನ್ ನುಡಿಸಿದರು. ಆಹ್ವಾನಿತರು ಒಳಗೆ, ಭದ್ರತಾ ಪಡೆ ಸುತ್ತಲೂ, ಕಣಿವೆಯಲ್ಲಿ ಬಂದ್. ‘ಎಹ್ಸಾಸ್-ಎ-ಕಶ್ಮೀರ್’ ಎಂದು ಹೆಸರಿಟ್ಟ ಆ ಕಛೇರಿಗೆ ಎದುರಾಗಿ ಅಲ್ಲಿನ ಜನ ‘ಹಕೀಕತ್-ಎ-ಕಶ್ಮೀರ್’ ಎಂಬ ತಮ್ಮದೇ ಕಾರ್ಯಕ್ರಮ ನಡೆಸಿದರು. ನಮ್ಮ ದೂರದರ್ಶನ ನೇರ ಪ್ರಸಾರ ಮಾಡಿದ್ದು ಎಹ್ಸಾಸನ್ನು. ಸಾಮಾನ್ಯ ಕಾಶ್ಮೀರಿಗಳು ಕೇಳುವಂತೆ ಇನ್ನೊಮ್ಮೆ ನುಡಿಸಬೇಕೆಂಬ ಆಸೆಯನ್ನು ಸ್ವತಃ ಮೆಹ್ತಾ ವ್ಯಕ್ತಪಡಿಸಿದ್ದರು ಎಂಬುದನ್ನೂ ನೆನಪಿಡಬೇಕು.

2024ರ ಆಗಸ್ಟ್ 11ರಂದು, ಗಾಝಾದಲ್ಲಿ ಸಾವಿರಾರು ಮಕ್ಕಳು ಸತ್ತ ವರ್ಷದಲ್ಲಿ, ದೀವಾನ್ ಆರ್ಕೆಸ್ಟ್ರಾ ಮತ್ತೆ ಪ್ರಾಮ್ಸ್‌ಗೆ ಬಂದು ಬ್ರಾಹ್ಮ್ಸ್ ಮತ್ತು ಶೂಬರ್ಟ್ ನುಡಿಸಿತು. ಆ ಸಮಯದಲ್ಲೂ ಆ ಯುವಕ ಯುವತಿಯರು ಒಂದೇ ಹಾಳೆಯ ಮುಂದೆ ಕೂತರೆಂಬುದು ಸಣ್ಣ ಸಂಗತಿಯಲ್ಲ. 2025ರ ಆಗಸ್ಟ್ ಕೊನೆಯಲ್ಲಿ ಅದೇ ಸಭಾಂಗಣದಲ್ಲಿ ಮೆಲ್ಬರ್ನ್ ತಂಡದ ಕಛೇರಿಗೆ ಪ್ರತಿಭಟನೆ ಎದುರಾಯಿತು. ಗಾಝಾದಲ್ಲಿ ಹತರಾದ ಪತ್ರಕರ್ತರಿಗೆ ಕೃತಿಯೊಂದನ್ನು ಅರ್ಪಿಸಿದ್ದ ಪಿಯಾನೊವಾದಕನ ಕಛೇರಿಯನ್ನು ಆ ತಂಡ ಹಿಂದಿನ ವರ್ಷ ರದ್ದುಪಡಿಸಿತ್ತು. ಎದ್ದು ನಿಂತವರು ಯಹೂದಿ ಕಲಾವಿದರು ಎಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಇದು ಮುಸ್ಲಿಮರ ಮತ್ತು ಯಹೂದಿಗಳ ಜಗಳವಲ್ಲ, ನ್ಯಾಯದ ಪ್ರಶ್ನೆ.

ಸಂಗೀತ ರಾಜಕೀಯವನ್ನು ಪರಿಹರಿಸಬೇಕೆಂದು ನಾವು ಕೇಳುವುದಿಲ್ಲ. ಅದು ಪಿಟೀಲಿನ ಕೆಲಸವಲ್ಲ. ಆದರೆ ಜನರ ಹಣದಿಂದ ನಡೆಯುವ ಪ್ರಸಾರ ಸಂಸ್ಥೆ, ಅದು ಬಿಬಿಸಿಯಿರಲಿ ಆಕಾಶವಾಣಿಯಿರಲಿ, ಒಬ್ಬರ ದುಃಖಕ್ಕೆ ಕಾರ್ಯಕ್ರಮವನ್ನೇ ಬದಲಿಸಿ ಇನ್ನೊಬ್ಬರ ದುಃಖಕ್ಕೆ ಮೈಕ್ ಆರಿಸುವುದನ್ನು ಒಪ್ಪಲಾಗದು. ಎರಡು ದನಿಗಳನ್ನು ಒಟ್ಟಿಗೇ ಕೇಳಿಸುವ ವಿದ್ಯೆ ಬೀಥೋವನ್‌ನ ಸಂಗೀತದಲ್ಲಿ ಇನ್ನೂರು ವರ್ಷಗಳಿಂದ ಇದೆ. ಅದನ್ನು ಪ್ರಸಾರ ಮಾಡುವವರು ಅದರಿಂದ ಅಷ್ಟನ್ನಾದರೂ ಕಲಿಯಲಿ.