ಪಂಪಿಗೆ ಶಿಕ್ಷೆ ಕೊಡುವ ಮೊದಲು

ಹಳೇ ಎಂಪಿಎಫ್‌ಐ ಜಿಪ್ಸಿ ಇಟ್ಟುಕೊಂಡವರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು. ಶಿವಮೊಗ್ಗದೊಳಗೆ, ಗೋಪಿ ಸರ್ಕಲ್ಲು, ದುರ್ಗಿಗುಡಿ, ವಿನೋಬನಗರ ಎಂದು ಸುತ್ತುವಾಗ ಗಾಡಿ ತಕರಾರಿಲ್ಲದೆ ಓಡುತ್ತದೆ. ಬಿ.ಎಚ್. ರಸ್ತೆ ಹಿಡಿದು ಭದ್ರಾವತಿ ಕಡೆ ವೇಗ ಏರಿಸಿದಿರೋ, ಎಂಜಿನ್ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತದೆ. ಬದಿಗೆ ನಿಲ್ಲಿಸಿ ಒಂದಿಷ್ಟು ಹೊತ್ತು ಬಿಟ್ಟರೆ ಮತ್ತೆ ಸರಿ. ಕೆಲವು ವಾರ ಹೀಗೆ ಸತಾಯಿಸಿ, ಕೊನೆಗೊಂದು ಬೆಳಿಗ್ಗೆ ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿಗೆ ಎಳೆಸಿದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬರುತ್ತದೆ: ‘ಫ್ಯೂಯಲ್ ಪಂಪ್ ಹೋಗಿದೆ ಸರ್, ಹೊಸದು ಹಾಕಬೇಕು.’

ಇರಬಹುದು. ಆದರೆ ವಿಚಾರಣೆಯಿಲ್ಲದೆ ಶಿಕ್ಷೆ ಯಾಕೆ?

1985ರಲ್ಲಿ ಬಂದ ಜಿಪ್ಸಿಯನ್ನು ಮಲೆನಾಡಿಗರು ಮೊದಲು ಕಂಡದ್ದು ಹೆಚ್ಚಾಗಿ ಅರಣ್ಯ, ಪೊಲೀಸ್ ಇಲಾಖೆಗಳ ಕೈಯಲ್ಲಿ. ಕಾರ್ಬುರೇಟರ್ ಕಾಲದಲ್ಲಿ ಅದರ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು. ಕ್ಯಾಮ್ ತಳ್ಳಿದಂತೆ ಡಯಾಫ್ರಮ್ ಕುಣಿದು ಪೆಟ್ರೋಲ್ ಎಳೆಯುತ್ತಿತ್ತು. ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಸ್ಪ್ಯಾನರಿಗೆ ಸಿಗುತ್ತಿತ್ತು. 2000ದ ಸುಮಾರಿಗೆ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದಾಗ ಪಂಪು ವಿದ್ಯುತ್ ಮೋಟಾರಾಗಿ ಟ್ಯಾಂಕಿನೊಳಗೆ ಮುಳುಗಿತು. ಕಣ್ಣಿಗೆ ಕಾಣದ್ದರಿಂದಲೇ ಅದರ ಮೇಲೆ ಆರೋಪ ಹೊರಿಸುವುದು ಸುಲಭವಾಯಿತು. ತೋಟದ ಹಳೇ ಡೀಸೆಲ್ ಜೀಪಿನವರ ಸಂಕಟವೇ ಬೇರೆ. ಅಲ್ಲಿ ಮೈಕೋ ಪಂಪನ್ನು ಬೈಯುವ ಮೊದಲು ಸೋರುವ ಪೈಪು, ಸವೆದ ವಾಷರು ನೋಡಿ, ಏರ್ ತೆಗೆದರೆ ಎಷ್ಟೋ ಸಲ ಗಾಡಿ ಹೊರಡುತ್ತದೆ. 1951ರಲ್ಲಿ ಶುರುವಾದ ಆ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಮೈಕೋ ಆಗಿಯೇ ಉಳಿದಿದೆ.

ಅಳೆದು ನೋಡುವ ವಿಷಯದಲ್ಲಿ ಭದ್ರಾವತಿಯವರು ಒಂದು ಕೈ ಮೇಲು ಎಂಬುದು ನನ್ನ ಪಕ್ಷಪಾತ. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಎರಡೂ ತಲೆಮಾರುಗಟ್ಟಲೆ ಫಿಟ್ಟರುಗಳನ್ನು, ಎಲೆಕ್ಟ್ರಿಷಿಯನ್ನರನ್ನು ಪಳಗಿಸಿದ ಊರದು. ಗೇಜ್ ನೋಡದೆ ವಾಲ್ವಿಗೆ ಕೈ ಹಾಕಬಾರದು ಎಂದು ಕಲಿತವರು ಗಾಡಿಯ ವಿಷಯದಲ್ಲೂ ಊಹೆಗೆ ಹಣ ಖರ್ಚು ಮಾಡುವುದಿಲ್ಲ.

ವಿಚಾರಣೆ ಕಿವಿಯಿಂದ ಶುರುವಾಗಲಿ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಬಂದು ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ. ಅದೇ ನಮೂನೆಯ ಒಳ್ಳೆಯ ರಿಲೇ ಹಾಕಿ ನೋಡುವುದು ನಿಮಿಷದ ಕೆಲಸ. ಎರಡೂ ಸರಿಯಿದ್ದರೆ ಪಂಪಿನ ಕನೆಕ್ಟರಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಬೇಕು. ಇಲ್ಲಿ ಬರೀ ಮಲ್ಟಿಮೀಟರ್ ನಂಬಿದವರು ಮೋಸ ಹೋಗುತ್ತಾರೆ. ತುಕ್ಕು ಹಿಡಿದ ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೆ ಮೋಟಾರ್ ತಿರುಗಿಸುವಷ್ಟು ಕರೆಂಟ್ ಅದರಲ್ಲಿ ಹಾಯುವುದಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬೊಂದನ್ನು ಅಲ್ಲಿಗೆ ಜೋಡಿಸಿ. ಬಲ್ಬ್ ಮಂಕಾಗಿ ಉರಿದರೆ ತಪ್ಪು ಪಂಪಿನದಲ್ಲ, ವೈರಿಂಗಿನದು. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೊಂದು ಮಳೆಗಾಲ ಕಳೆದ ಗಾಡಿಯಲ್ಲಿ ಚಾಸಿಗೆ ಬಿಗಿದ ಅರ್ತ್ ಬೋಲ್ಟೇ ಹೆಚ್ಚು ಅನುಮಾನಾಸ್ಪದ. ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿ, ಗ್ರೀಸ್ ಸವರಿ ಬಿಗಿದರೆ ಖರ್ಚು ಮುಗಿಯಿತು.

ಸದ್ದು ಬಂದ ಮಾತ್ರಕ್ಕೆ ಪಂಪು ನಿರ್ದೋಷಿಯೂ ಅಲ್ಲ. ಅದು ತಿರುಗುತ್ತಿರಬಹುದು, ತಳ್ಳದೇ ಇರಬಹುದು. ಪ್ರೆಷರ್ ಗೇಜಿನ ಕೆಲಸ ಇಲ್ಲಿಂದ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದರೆ ಗೇಜ್ ಇಟ್ಟುಕೊಂಡ ಮೇಸ್ತ್ರಿ ಸಿಕ್ಕಿಯೇ ಸಿಗುತ್ತಾರೆ. ಈ ಬಗೆಯ ಎಂಜಿನ್ನುಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 3 ಬಾರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಮಾಡೆಲ್ಲಿನ ಲೆಕ್ಕ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿದೆ. ಒತ್ತಡ ಕಡಿಮೆಯಿದ್ದರೆ ಟ್ಯಾಂಕಿಗೆ ಹಿಂದಿರುಗುವ ರಬ್ಬರ್ ಪೈಪನ್ನು ಒಂದು ಕ್ಷಣ ಹಿಚುಕಿ. ಮುಳ್ಳು ಸರ್ರನೆ ಮೇಲೇರಿದರೆ ಪಂಪಿನಲ್ಲಿ ಕಸುವಿದೆ, ಪ್ರೆಷರ್ ರೆಗ್ಯುಲೇಟರ್ ಸೋತಿದೆ. ಏರದಿದ್ದರೆ ಫಿಲ್ಟರ್ ಬದಲಿಸಿ ಮತ್ತೊಮ್ಮೆ ನೋಡಿ. ಆಗಲೂ ಮುಳ್ಳು ಅಲ್ಲೇ ಕುಳಿತಿದ್ದರೆ ಪಂಪಿನ ವಿರುದ್ಧ ಸಾಕ್ಷ್ಯ ಗಟ್ಟಿಯಾಯಿತು. ಇನ್ನೊಂದು ಹಳೆಯ ಉಪಾಯವಿದೆ. ಪೂರಾ ಸ್ತಬ್ಧವಾದ ಪಂಪಿಗೆ ಕರೆಂಟ್ ಸರಿಯಾಗಿ ಬರುತ್ತಿದ್ದು, ಟ್ಯಾಂಕಿನ ತಳಕ್ಕೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಜೀವ ಬಂದರೆ ಮೋಟಾರಿನ ಬ್ರಷ್ ಸವೆದಿದೆ ಎಂದರ್ಥ. ಮನೆ ಸೇರಿಕೊಳ್ಳಿ, ಹೊಸ ಪಂಪಿಗೆ ಹೇಳಿಬಿಡಿ.

ಬದಲಿಸುವಾಗ ಅವಸರ ಸಲ್ಲದು. ಟ್ಯಾಂಕಿನಲ್ಲಿ ಪೆಟ್ರೋಲ್ ಆದಷ್ಟು ಕಡಿಮೆ ಇರಲಿ. ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಪಂಪಿನ ಫ್ಯೂಸ್ ಕಿತ್ತು, ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಟ್ಯಾಂಕ್ ಇಳಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ ಅದು ಇಳಿದು ಕೂರುವುದರಿಂದ ಈ ಕೆಲಸಕ್ಕೆ ಬಯಲೇ ಲೇಸು. ಬೀಡಿ, ಗ್ರೈಂಡರ್, ಉರಿಯುವ ಬಲ್ಬ್ ಹತ್ತಿರ ಸುಳಿಯಬಾರದು.

ಅಸಲಿ ಪಂಪು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬಹುದು. ಜೊತೆಗೆ ಪಂಪಿನ ಬಾಯಿಗೆ ಹಾಕುವ ಹೊಸ ಜಾಲರಿ, ಹೊಸ ಸೀಲು, ಹೊಸ ಫಿಲ್ಟರು ಇರಲೇಬೇಕು. ಟ್ಯಾಂಕಿನೊಳಗಿನ ತುಂಡು ಪೈಪಿನಲ್ಲಿ ಜಿಪುಣತನ ಬೇಡ. ಹೊರಗೆ ಬಳಸುವ ಮಾಮೂಲಿ ಪೈಪು ಪೆಟ್ರೋಲಿನಲ್ಲಿ ಮುಳುಗಿದ್ದರೆ ಹೊರಮೈಯಿಂದ ಊದಿಕೊಂಡು ಸಡಿಲವಾಗುತ್ತದೆ. ಮುಳುಗಿರಲೆಂದೇ ಮಾಡಿದ ಪೈಪು ಬೇರೆ ಇದೆ.

ಇಷ್ಟಾದರೂ ಪಂಪನ್ನು ಕೆಡಿಸಿದ್ದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನು ತಣ್ಣಗಿಡುವುದು. ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪು ಕಾಯುತ್ತದೆ. ಘಾಟಿಯ ತಿರುವಿನಲ್ಲಿ ಇದ್ದಬದ್ದ ಪೆಟ್ರೋಲ್ ಒಂದು ಮೂಲೆಗೆ ಸರಿದಾಗ ಗಾಳಿ ಕುಡಿದು ಒಣಗಿ ತಿರುಗುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗಿಳಿಯಲು ಬಿಡದಿರುವುದೇ ಅಗ್ಗದ ಔಷಧ. ಎರಡನೆಯದು ನೀರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲಿಗೆ ತೇವ ಹೀರುವ ಗುಣವಿದೆ. ನೀರು ಮಿತಿ ಮೀರಿದರೆ ಅದು ಎಥೆನಾಲನ್ನೂ ಸೆಳೆದುಕೊಂಡು ತಳಕ್ಕಿಳಿಯುತ್ತದೆ, ಅಂದರೆ ಜಾಲರಿ ಕುಳಿತಿರುವ ಜಾಗಕ್ಕೇ. ಅರ್ಧ ಖಾಲಿ ಟ್ಯಾಂಕಿನೊಂದಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಶೆಡ್ಡಿನಲ್ಲಿ ನಿಂತ ಗಾಡಿಗೆ ಇದರ ಭಯ ಹೆಚ್ಚು. ಹಳೇ ಗಾಡಿಯ ರಬ್ಬರು ಇಷ್ಟು ಎಥೆನಾಲಿಗೆಂದು ಮಾಡಿದ್ದೂ ಅಲ್ಲ.

ಆದ್ದರಿಂದ ಕಳಚಿದ ಪಂಪನ್ನು ಮೇಸ್ತ್ರಿ ಗುಜರಿಗೆ ಎಸೆಯುವ ಮೊದಲು ಕೇಳಿ ಇಸಿದುಕೊಳ್ಳಿ. ಜಾಲರಿ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಒದರಿ. ಕೆಂಪು ಪುಡಿ ಬಿದ್ದರೆ ಟ್ಯಾಂಕಿನೊಳಗೆ ತುಕ್ಕಿದೆ, ಕಪ್ಪು ಚೂರು ಬಿದ್ದರೆ ರಬ್ಬರ್ ಕರಗುತ್ತಿದೆ. ಏನೂ ಬೀಳದೆ ಕನೆಕ್ಟರಿನ ಪ್ಲಾಸ್ಟಿಕ್ ಕರಕಲಾಗಿದ್ದರೆ ವೈರಿಂಗಿಗೆ ಹಿಂದಿರುಗಿ. ಹೀಗೆ ಕಂಡ ಮೂಲ ದೋಷವನ್ನು ಸರಿಪಡಿಸದೆ ಕೂರಿಸಿದ ಹೊಸ ಪಂಪಿಗೆ ಎಷ್ಟೇ ದೊಡ್ಡ ಹೆಸರಿರಲಿ, ಎಷ್ಟು ವರ್ಷದ ಗ್ಯಾರಂಟಿಯೇ ಇರಲಿ, ಹಳೆಯದರ ಗತಿಯೇ.