ಹೆಸರಿನ ವ್ಯಂಗ್ಯ: ಬೊಮ್ಮನಹಾಳಿನಿಂದ ‘ರಂಗನ ಮದುವೆ’ಯ ಓದು

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ರಂಗನ ಮದುವೆ’ (1910) ಒಂದು ದೂರಿನಿಂದ ತೊಡಗುತ್ತದೆ: ಹೊಸಹಳ್ಳಿಯ ಹೆಸರು ಯಾವ ಭೂಪಟದಲ್ಲಿಯೂ ಇಲ್ಲ. ನಿರೂಪಕ ಶ್ಯಾಮನು ಭೂಗೋಳಕಾರರನ್ನು ಹಳಿಯುವ ಭರದಲ್ಲಿ ಅವನ ಊರಭಿಮಾನವೇ ನಗೆಗೆ ಗುರಿಯಾಗುತ್ತದೆ. ಮೈಸೂರು ಸೀಮೆಯ ಓದುಗರು ಇದನ್ನು ಹಗುರವಾದ ಹಾಸ್ಯವೆಂದು ದಾಟಿಹೋಗಬಹುದು. ಬೊಮ್ಮನಹಾಳಿನ ಓದುಗರು ಇಲ್ಲಿ ತುಸು ನಿಲ್ಲುತ್ತಾರೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಕನ್ನಡವಾಡುವ ಊರುಗಳು ಇದ್ದಲ್ಲಿಯೇ ಇದ್ದು ಬೇರೊಂದು ರಾಜ್ಯದ ಭೂಪಟದೊಳಕ್ಕೆ ಬಂದವು. ಹೆಸರು ಎಲ್ಲಿ ದಾಖಲಾಗುತ್ತದೆ ಎಂಬ ಪ್ರಶ್ನೆ ಅವರಿಗೆ ಬರಿಯ ನಗೆಯ ವಿಷಯವಲ್ಲ. ಹಾಗೆ ಓದಿದಾಗ ಈ ಕತೆಯ ಅಂತ್ಯವೂ ಬೇರೆಯಾಗಿ ಕಾಣುತ್ತದೆ.

ಓ. ಹೆನ್ರಿಯ ‘ದ ಗಿಫ್ಟ್ ಆಫ್ ದ ಮೇಜೈ’ (1905) ಕತೆಯಲ್ಲಿ ಒಂದು ಸಂಗತಿ ಕೊನೆಯವರೆಗೂ ಓದುಗರಿಗೆ ತಿಳಿಯದಂತೆ ಮರೆಯಾಗಿರುತ್ತದೆ. ಮಾಸ್ತಿ ಹಾಗೆ ಮಾಡುವುದಿಲ್ಲ. ರತ್ನಳಿಂದ ಹಾಡಿಸಿದ್ದು, ಆಕೆಗೆ ಮದುವೆಯಾಗಿದೆಯೆಂದು ಸುಳ್ಳಾಡಿದ್ದು, ಶಾಸ್ತ್ರಿಗೆ ಮೊದಲೇ ಪಾಠ ಹೇಳಿಟ್ಟದ್ದು ಎಲ್ಲವೂ ನಮಗೆ ತಿಳಿದಿದೆ, ತಿಳಿಯದವನು ರಂಗನೊಬ್ಬನೇ. ಶಾಸ್ತ್ರಿಯ ಎದುರಿನ ಪ್ರಸಂಗದ ಸೊಗಸೆಲ್ಲ ಇರುವುದು ಇಲ್ಲಿಯೇ. ಹುಡುಗಿಯ ಹೆಸರು ನೀರಿನಲ್ಲಿ ದೊರೆಯುವ ವಸ್ತುವಿನದೆಂದು ಹೇಳಿ ಕಮಲ, ಪಾಚಿ ಎಂದು ತಡಕುತ್ತ ರತ್ನವನ್ನು ಮುಟ್ಟುವ ನಾಟಕವದು. ಇಂಗ್ಲಿಷಿನಲ್ಲಿ ಇದಕ್ಕೆ ಅರ್ಥ ಬಿಡಿಸಬೇಕು. ಬಿಡಿಸಿದೊಡನೆ ನಗೆ ತಣ್ಣಗಾಗುತ್ತದೆ. ತೆಲುಗಿನಲ್ಲಿಯಾದರೋ ಪಾಚಿಗೆ ಪಾಚಿಯೆಂದೇ ಹೆಸರು. ಬೊಮ್ಮನಹಾಳಿನ ದ್ವಿಭಾಷಿಕನಿಗೆ ಈ ವಿನೋದ ಅನುವಾದವಿಲ್ಲದೆಯೇ ಗಡಿ ದಾಟುತ್ತದೆ.

ಎಲ್ಲವನ್ನೂ ಬಲ್ಲ ಶ್ಯಾಮನಿಗೆ ಮೊದಲ ಪೆಟ್ಟು ಕೊಡುವವನು ಶಾಸ್ತ್ರಿ: ನೀನು ಸುಳಿವು ಕೊಟ್ಟಿರಬಹುದು, ಆದರೆ ನಾನು ಹೇಳಿದ್ದು ಶಾಸ್ತ್ರ ನೋಡಿಯೇ ಎಂದು ಆತ ಪಟ್ಟು ಹಿಡಿಯುತ್ತಾನೆ. ಎರಡನೆಯದು ಮಗುವಿನ ಹೆಸರು. ರಂಗ ತನ್ನ ಮಗನಿಗೆ ಶ್ಯಾಮನೆಂದು ಹೆಸರಿಟ್ಟಿದ್ದಾನೆ. ಭೂಪಟದಲ್ಲಿ ಊರ ಹೆಸರಿಲ್ಲವೆಂದು ಸಿಡುಕಿದ್ದವನು, ತನ್ನ ಹೆಸರು ಇನ್ನೊಂದು ಮನೆಯಲ್ಲಿ ನೆಲೆಯೂರಿದಾಗ, ಹೊಂಬಣ್ಣದ ಕೂಸಿಗೆ ಕರಿಯನಾದ ತನ್ನ ಹೆಸರೇಕೆಂದು ಗೊಣಗುತ್ತಾನೆ; ಮೆಚ್ಚಿದವರ ಹೆಸರನ್ನು ಮಕ್ಕಳಿಗಿಡುವುದು ಇಂಗ್ಲಿಷರ ಪದ್ಧತಿಯೆಂದು ಮೂದಲಿಸುತ್ತಾನೆ. ಪ್ರೌಢಳಾದ ಹೆಣ್ಣನ್ನು ತಾನೇ ಮೆಚ್ಚಿ ಮದುವೆಯಾಗುವೆನೆಂದು ಬೆಂಗಳೂರಿನಿಂದ ಹೊತ್ತು ತಂದ ಇಂಗ್ಲಿಷ್ ವಿಚಾರಗಳಲ್ಲಿ ರಂಗನ ಬಳಿ ಕಡೆಗೆ ಉಳಿದದ್ದು ಇಷ್ಟೇ. ಕತೆಯುದ್ದಕ್ಕೂ ರಂಗನತ್ತ ಹರಿದಿದ್ದ ವ್ಯಂಗ್ಯ ಇಲ್ಲಿ ಶ್ಯಾಮನತ್ತಲೂ ತಿರುಗುತ್ತದೆ; ಅದನ್ನು ಅವನು ವಾತ್ಸಲ್ಯದಲ್ಲಿ ಮುಚ್ಚಿಕೊಳ್ಳುತ್ತಾನೆ.

ಆದರೆ ಈ ವ್ಯಂಗ್ಯ ತಲುಪದ ಒಂದು ಮೂಲೆಯೂ ಕತೆಯಲ್ಲಿದೆ. ರತ್ನಳಿಗೆ ಹನ್ನೊಂದು ವರ್ಷ. ಮೈಸೂರು ಸಂಸ್ಥಾನದ 1894ರ ಬಾಲ್ಯವಿವಾಹ ತಡೆ ಕಾಯಿದೆ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಕಾನೂನಿನ ಕಣ್ಣಿನಲ್ಲಿ ಇಲ್ಲಿ ದೋಷವಿಲ್ಲ. 1910ರ ನಗೆಯನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದೆಂಬ ವಾದವುಂಟು. ಅದು ಅರ್ಧ ಮಾತ್ರ ಸರಿ, ಏಕೆಂದರೆ ಬಾಲ್ಯವಿವಾಹದ ವಿರುದ್ಧದ ಮಾತನ್ನು ಮಾಸ್ತಿ ಸ್ವತಃ ರಂಗನ ಬಾಯಲ್ಲಿ ಇಟ್ಟಿದ್ದಾರೆ. ಆ ಮಾತು ಕತೆಯಲ್ಲಿ ಸೋಲುವುದು ಮರುವಾದದಿಂದಲ್ಲ, ಒಂದು ಹಾಡಿನಿಂದ. ಹುಡುಗಿಯ ದನಿಯನ್ನು ನಾವು ಹಾಡಾಗಿ ಕೇಳುತ್ತೇವೆ. ರಂಗ ಬಾಗಿಲಲ್ಲಿ ನಿಂತು ಬೆಳಕು ಮರೆಯಾದಾಗ ಅದು ನಿಲ್ಲುತ್ತದೆ. ಆಕೆಯ ವಯಸ್ಸನ್ನು ಮೊದಲಿಗೆ ಲೆಕ್ಕವಿಟ್ಟು ಹೇಳಿದ ಶ್ಯಾಮ, ಕೊನೆಯಲ್ಲಿ ಮಗುವಿಗೆ ಮೂರು ತುಂಬಿತೆಂದೂ ತಾಯಿ ಎಂಟು ತಿಂಗಳ ಬಸುರಿಯೆಂದೂ ತಿಳಿಸುತ್ತಾನೆ. ತಾಯಿಗೆ ಈಗೆಷ್ಟು ವರ್ಷವೆಂದು ಹೇಳುವುದಿಲ್ಲ. ಮಗುವಿನ ಬೆರಳಿಗೆ ಉಂಗುರ ತೊಡಿಸಿ, ಬೇಸರವಾಗಲಿಲ್ಲವಷ್ಟೆ ಎಂದು ಓದುಗರನ್ನು ವಿಚಾರಿಸಿ, ನಗುತ್ತ ಬೀಳ್ಕೊಡುತ್ತಾನೆ.