ಜೋಳವಾಳಿಯ ದೃಷ್ಟಿಯಲ್ಲಿ ‘ಮ್ಯಾಕ್‌ಬೆತ್’

ಬೆಂಗಳೂರಿನ ಉತ್ತರದ ಹೆಬ್ಬಾಳದಲ್ಲಿ 2018ರಲ್ಲಿ ಗಂಗರ ಕಾಲದ ವೀರಗಲ್ಲೊಂದು ದೊರೆತುದು ವಾಚಕರಿಗೆ ವಿದಿತವೇ ಆಗಿದೆ. ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಇಂತಹ ಕಲ್ಲುಗಳನ್ನು ನಿಲ್ಲಿಸಿದ ಸಮಾಜವು ಆಳಿಗೂ ಒಡೆಯನಿಗೂ ಇರುವ ಸಂಬಂಧವನ್ನು ‘ಜೋಳವಾಳಿ’ ಎಂದು ಕರೆಯಿತು. ಉಂಡ ಅನ್ನದ ಋಣವನ್ನು ಪ್ರಾಣವನ್ನೊಪ್ಪಿಸಿಯಾದರೂ ತೀರಿಸಬೇಕೆಂಬುದು ಅದರ ತಾತ್ಪರ್ಯ. ಷೇಕ್ಸ್‌ಪಿಯರ್ ಮಹಾಕವಿಯ ‘ಮ್ಯಾಕ್‌ಬೆತ್’ ನಾಟಕವನ್ನು ಈ ಧರ್ಮದ ಬೆಳಕಿನಲ್ಲಿ ಪರಿಶೀಲಿಸಿದರೆ, ಅದು ಕೇವಲ ಅತ್ಯಾಶೆಯ ಕಥೆಯೆಂಬ ರೂಢಿಯ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುವುದೆಂದು ನಮಗೆ ತೋರುತ್ತದೆ.

ಮೇಲೇರಬೇಕೆಂಬ ಆಸೆ ತಾನಾಗಿಯೇ ಪಾಪವಲ್ಲ. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡನು ವಿಜಯನಗರದ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯವನ್ನು ಟಂಕಿಸಿದನೆಂದೂ, ಆದಕಾರಣ 5 ವರ್ಷ ಆನೆಗೊಂದಿಯಲ್ಲಿ ಸೆರೆಯಲ್ಲಿದ್ದು ಬಳಿಕ ನಾಡಿಗೆ ಮರಳಿದನೆಂದೂ ಐತಿಹ್ಯವುಂಟು. ಅಲ್ಲಿ ಆಕಾಂಕ್ಷೆಯುಂಟು, ದಂಡನೆಯುಂಟು, ಆದರೆ ದುರಂತವಿಲ್ಲ. ಏಕೆಂದರೆ ಒಡೆಯನ ಮೇಲೆ ಕೈಯೆತ್ತಿದ ದ್ರೋಹವಿಲ್ಲ. ಆಸೆಯು ನಿಷ್ಠೆಯ ಎಲ್ಲೆಯನ್ನು ಮೀರಿದಲ್ಲಿಯೇ ರುದ್ರನಾಟಕವು ಮೊದಲಾಗುತ್ತದೆ.

ಮ್ಯಾಕ್‌ಬೆತ್ತನು ರಂಗಕ್ಕೆ ಬರುವ ಮೊದಲೇ ಅವನ ಸ್ವಾಮಿಭಕ್ತಿಯ ಕೀರ್ತಿಯು ನಮ್ಮ ಕಿವಿಗೆ ಬೀಳುತ್ತದೆ. ಡಂಕನ್ ದೊರೆಗಾಗಿ ರಣದಲ್ಲಿ ನೆತ್ತರು ಸುರಿಸಿದವನು ಅವನು. ಮರಣದಂಡನೆಗೆ ಗುರಿಯಾದ ರಾಜದ್ರೋಹಿಯೊಬ್ಬನ ಪದವಿಯೇ ಅವನಿಗೆ ಬಹುಮಾನವಾಗಿ ಸಲ್ಲುತ್ತದೆ. ಮೊದಲನೆಯ ಅಂಕದ ಕಡೆಯ ದೃಶ್ಯದಲ್ಲಿ ದೊರೆಯು ಒಳಗೆ ಉಣ್ಣುತ್ತಿರಲು, ಇವನು ಹೊರಗೆ ನಿಂತು ತನ್ನ ಧರ್ಮವನ್ನು ತಾನೇ ಎಣಿಸುತ್ತಾನೆ: ತಾನು ದೊರೆಗೆ ಬಂಧು, ಆಳು, ಮೇಲಾಗಿ ಈ ರಾತ್ರಿ ಆತಿಥೇಯ. ಕವಿಯು ಈ ವಿಚಾರಕ್ಕೆ ಊಟದ ಹೊತ್ತನ್ನೇ ಆರಿಸಿಕೊಂಡುದು ಗಮನಾರ್ಹವಾಗಿದೆ. ಮ್ಯಾಕ್‌ಬೆತ್ತನು ಅರಿಯದೆ ಕೆಟ್ಟವನಲ್ಲ, ಅರಿತೇ ಕೆಟ್ಟವನು. ಆದುದರಿಂದ ಅವನ ಪಶ್ಚಾತ್ತಾಪವು ಕೊಲೆಯ ಅನಂತರ ಹುಟ್ಟಿದುದಲ್ಲ. ಕೊಲೆಗೆ ಮುಂಚೆಯೇ ಅವನಲ್ಲಿ ಎಚ್ಚೆತ್ತಿರುವುದು.

ರಂಗದ ಮೇಲೆ ವಧೆಯನ್ನು ತೋರಿಸಲಾಗದೆಂಬುದು ನಮ್ಮ ಲಾಕ್ಷಣಿಕರ ಮತ. ಷೇಕ್ಸ್‌ಪಿಯರನು ಆ ನಿಯಮಕ್ಕೆ ಕಟ್ಟುಬಿದ್ದವನಲ್ಲ. ಬ್ಯಾಂಕೋವಿನ ಕೊಲೆಯು ಪ್ರೇಕ್ಷಕರ ಕಣ್ಣೆದುರಿಗೇ ನಡೆಯುತ್ತದೆ. ಆದರೂ ಡಂಕನ್ನನ ವಧೆಯನ್ನು ಅವನು ಮರೆಯಲ್ಲಿಟ್ಟನು. ನಮಗೆ ಕಾಣುವುದು ನೆತ್ತರಾದ ಕೈ, ಕೇಳುವುದು ಬಾಗಿಲು ಬಡಿಯುವ ಸದ್ದು. ಕೃತ್ಯಕ್ಕಿಂತ ಅದರ ಅರಿವೇ ಮುಖ್ಯವಾದುದರಿಂದ ಹೀಗಾಯಿತು. ಇಷ್ಟು ನೀರಿನಿಂದ ಕಲೆ ಹೋಗುವುದೆಂದು ಗಂಡನಿಗೆ ಧೈರ್ಯ ಹೇಳಿದ ಪತ್ನಿಯೇ ಕಡೆಗೆ ನಿದ್ದೆಯಲ್ಲೆದ್ದು, ಇಲ್ಲದ ಕಲೆಯನ್ನು ಕೈಯಿಂದ ಉಜ್ಜುತ್ತಾಳೆ.

ನಮ್ಮ ವಾದಕ್ಕೆ ಮುಖ್ಯ ಆಧಾರವು ಔತಣದ ದೃಶ್ಯ. ಹೊಸ ಅರಸನು ಸಾಮಂತರಿಗೆ ಉಣಬಡಿಸಿ ಅವರ ನಿಷ್ಠೆಯನ್ನು ಪಡೆಯಲೆಳಸುತ್ತಾನೆ. ಆದರೆ ಅವನ ಪೀಠದಲ್ಲಿ ಬ್ಯಾಂಕೋವಿನ ಪ್ರೇತವು ಬಂದು ಕುಳಿತುಕೊಳ್ಳುವುದು. ಪಂಕ್ತಿಯು ಕೆಟ್ಟು ಅತಿಥಿಗಳು ಕ್ರಮತಪ್ಪಿ ಎದ್ದು ಹೋಗುವರು. ಅನ್ನದ ಋಣವನ್ನು ಮುರಿದವನು ಅನ್ನವಿಟ್ಟು ಋಣವನ್ನು ಕಟ್ಟಲಾರನು. ಐದನೆಯ ಅಂಕದಲ್ಲಿ ಅವನು ಹಲುಬುವುದೂ ಇದನ್ನೇ: ಮುಪ್ಪಿನಲ್ಲಿ ದೊರೆಯಬೇಕಾದ ಗೌರವ, ಪ್ರೀತಿ, ವಿಧೇಯತೆ, ಗೆಳೆಯರ ಬಳಗ ತನಗಿಲ್ಲ; ಉಳಿದುದು ಬಾಯುಪಚಾರ ಮಾತ್ರ. ಸಿಂಹಾಸನವು ದೊರೆಯಿತು, ಜೋಳವಾಳಿಯು ದೊರೆಯಲಿಲ್ಲ.

ಕನ್ನಡದಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ‘ಪ್ರತಾಪರುದ್ರದೇವ’ (1895) ಎಂದು ರೂಪಾಂತರಿಸಿದರು. ಶತಮಾನದ ಕೊನೆಯ ಭಾಗದಲ್ಲಿ ಎಚ್. ಎಸ್. ಶಿವಪ್ರಕಾಶರು ‘ಮಾರನಾಯಕನ ದೃಷ್ಟಾಂತ’ವನ್ನು ರಚಿಸಿದರು, ಅದನ್ನು ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಕಾರಾಗೃಹದ ಬಂದಿಗಳೇ ಆಡಿದ್ದುಂಟು. ದಂಡನೆಗೊಳಗಾದವರು ಈ ಪಾತ್ರಗಳನ್ನು ವಹಿಸಿದಾಗ, ಪಾತಕಿಯು ನಮಗಿಂತ ಬೇರೆ ಜಾತಿಯ ಪ್ರಾಣಿಯೆಂಬ ಸಮಾಧಾನವು ಪ್ರೇಕ್ಷಕನಿಗೆ ಉಳಿಯುವುದಿಲ್ಲ.

ಆದಕಾರಣ ಮುಂದೆ ಇದನ್ನು ಕನ್ನಡಿಸುವವರೂ ಆಡಿಸುವವರೂ ಮಾಟಗಾತಿಯರ ಅದ್ಭುತಕ್ಕಿಂತ ನಾಯಕನ ಮೊದಲಿನ ನಿಷ್ಠೆಗೆ ಹೆಚ್ಚು ಲಕ್ಷ್ಯವನ್ನು ಕೊಡಬೇಕು. ಆ ನಿಷ್ಠೆಯು ನಿಜವೆಂದು ತೋರದಿದ್ದರೆ ನಾವು ಕಾಣುವುದು ದುಷ್ಟನೊಬ್ಬನ ಶಿಕ್ಷೆಯನ್ನು ಮಾತ್ರ. ನಿಜವೆಂದು ತೋರಿದರೆ, ವೀರಗಲ್ಲಿಗೆ ಅರ್ಹನಾಗಿದ್ದವನೊಬ್ಬನು ಅದನ್ನು ಕಳೆದುಕೊಂಡ ದುಃಖವನ್ನು.